ಟಿಬಿ ಹೋಯಿತು, ದಮ್ಮು ಯಾಕೆ ಹೋಗಲಿಲ್ಲ?

ಕಳೆದ ತಿಂಗಳು ಬೇರೆ ಯಾವುದೋ ಸುದ್ದಿಗೆಂದು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆವು. ಟಿಬಿ ವಿಭಾಗದ ಹೊರಗಿನ ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಕಾಕಾ ಒಬ್ಬರು ಕುಳಿತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಮೂರು ಎಕ್ಸ್‌ರೇ, ಮಾಸಿದ ಒಂದು ಚಿಕಿತ್ಸಾ ಕಾರ್ಡು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದವರು. ಕಾರ್ಡಿನ ಕೊನೆಗೆ ‘ಗುಣಮುಖ’ ಎಂದು ಬರೆದು ಸೀಲು ಹೊಡೆದಿದ್ದಾರೆ. ಅದಾಗಿ ಎರಡು ವರ್ಷ.

“ಟಿಬಿ ಹೋಗೇತಿ ಅಂತಾರ್ರೀ. ಮತ್ತ ದಮ್ಮ ಯಾಕ ಹತ್ತತೈತಿ ತಮ್ಮಾ?” ಎಂದು ಕೇಳಿದರು. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ಅರ್ಧ ಕಿಲೋಮೀಟರ್ ಇಲ್ಲ. ದಾರಿಯಲ್ಲಿ ಎರಡು ಕಡೆ ಕುಳಿತು ಬಂದಿದ್ದರಂತೆ.

ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಅಲ್ಲಿನ ವೈದ್ಯರನ್ನು ಕೇಳಿದೆವು, ಆಮೇಲೆ ಓದಿದೆವು, ಮತ್ತೆ ಬೇರೆ ವೈದ್ಯರನ್ನು ಕೇಳಿದೆವು. ಅರ್ಥವಾದದ್ದು ಇಷ್ಟು: ಕಾಕಾನ ಎದೆಯಲ್ಲಿ ಈಗ ರೋಗ ಇಲ್ಲ. ರೋಗ ಬಿಟ್ಟುಹೋದ ಕಲೆ ಇದೆ.

ಕಲೆ ಅಂದರೆ ನಮಗೆಲ್ಲ ಗೊತ್ತಿರುವುದು ಚರ್ಮದ ಮೇಲಿನದು. ಕುಡುಗೋಲು ತಾಗಿದ ಬೆರಳು, ಸೈಕಲ್‌ನಿಂದ ಬಿದ್ದ ಮೊಣಕಾಲು. ಗಾಯ ಮಾಯಿತು, ಗುರುತು ಉಳಿಯಿತು, ಅಷ್ಟೇ ಎಂದುಕೊಳ್ಳುತ್ತೇವೆ. ಆದರೆ ದೇಹ ಮಾಡುವ ಕೆಲಸ ನೋಡಿ. ಗಾಯವಾದ ಜಾಗದಲ್ಲಿ ಮೊದಲಿದ್ದಂಥ ಚರ್ಮವನ್ನೇ ಮತ್ತೆ ನೇಯುವಷ್ಟು ಪುರುಸೊತ್ತು ಅದಕ್ಕಿಲ್ಲ. ತೂತು ಮುಚ್ಚಬೇಕು, ಸೋಂಕು ತಡೆಯಬೇಕು. ಹಾಗಾಗಿ ಕೊಲಾಜೆನ್ ಎಂಬ ನಾರನ್ನು ಅವಸರದಲ್ಲಿ ಹಾಸಿ ಬಿಗಿಯುತ್ತದೆ. ಇಳಕಲ್ಲ ಸೀರೆ ಮುಳ್ಳಿಗೆ ಸಿಕ್ಕಿ ಹರಿದರೆ ನಮ್ಮ ಅವ್ವಂದಿರು ರಫು ಹಾಕುತ್ತಾರಲ್ಲ, ಹಾಗೆ. ಸೀರೆ ಉಡಲು ಬರುತ್ತದೆ. ಆದರೆ ರಫು ಹಾಕಿದ ಜಾಗ ಗಟ್ಟಿ, ಜಗ್ಗುವುದಿಲ್ಲ, ಸುತ್ತಲಿನ ಬಟ್ಟೆಯನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಚರ್ಮದ ಕಲೆಯಲ್ಲೂ ಕೂದಲು ಹುಟ್ಟುವುದಿಲ್ಲ, ಬೆವರು ಬರುವುದಿಲ್ಲ, ಎಷ್ಟೇ ವರ್ಷವಾದರೂ ಮೊದಲಿನ ಚರ್ಮದ ಪೂರ್ತಿ ಬಲ ಅದಕ್ಕೆ ಬರುವುದಿಲ್ಲ.

ಮೊಣಕಾಲ ಮೇಲೆ ಇಂಥ ತೇಪೆ ಇದ್ದರೆ ಯಾರಿಗೆ ಏನಾಗಬೇಕು? ಅದೇ ತೇಪೆ ಶ್ವಾಸಕೋಶದಲ್ಲಿ ಬಿದ್ದರೆ ಲೆಕ್ಕ ಬೇರೆ. ಶ್ವಾಸಕೋಶ ಸ್ಪಂಜಿನಂತೆ ಹಿಗ್ಗಿ ಕುಗ್ಗಬೇಕಾದ ಅಂಗ. ಅದರೊಳಗೆ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಿವೆ. ಕಲೆಗಟ್ಟಿದ ಭಾಗ ಹಿಗ್ಗುವುದಿಲ್ಲ, ಅಲ್ಲಿಂದ ಆಮ್ಲಜನಕ ರಕ್ತಕ್ಕೆ ಇಳಿಯುವುದಿಲ್ಲ. ಪಕ್ಕದ ಉಸಿರುನಾಳಗಳನ್ನು ಎಳೆದು ಅಗಲ ಮಾಡುತ್ತದೆ. ಅಗಲವಾದ ನಾಳದಲ್ಲಿ ಕಫ ನಿಲ್ಲುತ್ತದೆ, ನಿಂತ ಕಫಕ್ಕೆ ಮತ್ತೆ ಮತ್ತೆ ಸೋಂಕು. ಟಿಬಿ ಕೊರೆದ ಪೊಟರೆ ಹಾಗೇ ಉಳಿದಿದ್ದರೆ ಅದರಲ್ಲಿ ಕೆಲವರಿಗೆ ಬೂಷ್ಟಿನ ಗಡ್ಡೆ ಬೆಳೆದು ಕೆಮ್ಮಿದಾಗ ರಕ್ತ ಬರುವುದೂ ಉಂಟು. ಇಷ್ಟೆಲ್ಲ ಆಗುವಾಗ ಟಿಬಿ ರೋಗಾಣು ಒಂದೂ ಜೀವಂತ ಇರದೆ ಇರಬಹುದು. ವೈದ್ಯರು ಇದನ್ನು ಟಿಬಿ ನಂತರದ ಶ್ವಾಸಕೋಶದ ಕಾಯಿಲೆ ಎನ್ನುತ್ತಾರೆ.

ನಮ್ಮ ತಕರಾರು ಶುರುವಾಗುವುದು ಇಲ್ಲಿಂದ.

ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ಚಿಕಿತ್ಸೆ ಮುಗಿದ ಮೇಲೂ 6, 12, 18 ಮತ್ತು 24ನೇ ತಿಂಗಳಲ್ಲಿ ರೋಗಿಯನ್ನು ನೋಡಬೇಕು ಎಂದಿದೆ. ಎರಡು ವರ್ಷದಲ್ಲಿ ನಾಲ್ಕು ಸಲ. ಕಾಕಾನನ್ನು ಕೇಳಿದೆವು. ಒಮ್ಮೆ ಫೋನ್ ಬಂದಿತ್ತು, “ಆರಾಮ ಅದೀರಿ?” ಅಂದರು, “ಅದೀನ್ರಿ” ಅಂದೆ, ಮುಗೀತು ಎಂದರು. ಆ ಮಾತಿನಿಂದ ರಿಜಿಸ್ಟರಿನ ಒಂದು ಕಾಲಂ ತುಂಬಿರಬಹುದು.

ಇದರಲ್ಲಿ ಸಿಬ್ಬಂದಿಯ ಮೇಲೆ ಗೂಬೆ ಕೂರಿಸಲು ನಮಗೆ ಮನಸ್ಸಿಲ್ಲ. ಬೈಕ್ ಮೇಲೆ ಹಳ್ಳಿ ಹಳ್ಳಿ ಸುತ್ತಿ ಕಫದ ಡಬ್ಬಿ ತರುವ ಆ ಹುಡುಗರ ಪಾಡು ನಾವು ನೋಡಿದ್ದೇವೆ. ಹೊಸ ರೋಗಿ ಹುಡುಕು, ಮಾತ್ರೆ ಮುಟ್ಟಿಸು, ಪೌಷ್ಟಿಕ ಆಹಾರದ ಹಣ ಖಾತೆಗೆ ಬಂತೇ ನೋಡು. ಆ ಹಣ ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಒಳ್ಳೆಯದೇ. ಆದರೆ ಇದೆಲ್ಲ ಚಿಕಿತ್ಸೆ ನಡೆಯುವ ತಿಂಗಳುಗಳಿಗೆ. ಗುಣಮುಖ ಎಂದು ಸೀಲು ಬಿದ್ದ ದಿನದಿಂದ ಮನುಷ್ಯ ಲೆಕ್ಕದಿಂದ ಹೊರಗೆ.

‘ಟಿಬಿ ಮುಕ್ತ ಪಂಚಾಯಿತಿ’ ಪ್ರಶಸ್ತಿಯ ಫೋಟೊಗಳನ್ನು ನಾವೇ ಎಷ್ಟು ಸಲ ಕಳಿಸಿದ್ದೇವೆ! ಹಾರ, ಶಾಲು, ಅಧ್ಯಕ್ಷರು, ಪಿಡಿಒ ಸಾಹೇಬರು. ಆ ಪ್ರಶಸ್ತಿಗೆ ಎಷ್ಟು ಜನರ ಪರೀಕ್ಷೆ ಆಯಿತು, ಎಷ್ಟು ಜನರ ಚಿಕಿತ್ಸೆ ಯಶಸ್ವಿಯಾಯಿತು ಎಂದು ನೋಡುತ್ತಾರೆ. ವಾಸಿಯಾದವನು ತನ್ನ ಹೊಲದ ಬದುವಿನ ಮೇಲೆ ನಿಲ್ಲದೆ ನಡೆಯಬಲ್ಲನೇ ಎಂಬುದು ಯಾವ ಕಾಲಂನಲ್ಲೂ ಇಲ್ಲ. ನಾವೂ ಕೇಳಲಿಲ್ಲ. ಎರಡು ಕಾಲಂ ಸುದ್ದಿ, ಒಂದು ಫೋಟೊ, ಮುಗೀತು.

ಲೆಕ್ಕದಿಂದ ಹೊರಗೆ ಬಿದ್ದವರು ಎಲ್ಲಿಗೆ ಹೋಗುತ್ತಾರೆ? ಊರಿನ ಕ್ಲಿನಿಕ್ಕಿಗೆ. ಕಾಕಾನ ಚೀಲದ ಎರಡನೇ ಎಕ್ಸ್‌ರೇ ಅಲ್ಲಿಯದು. ಎಕ್ಸ್‌ರೇಯಲ್ಲಿ ಬಿಳಿ ಗೆರೆಗಳು ಕಂಡವು. “ಮತ್ತ ಟಿಬಿ ಎದ್ದೇತಿ” ಎಂದು ಅಲ್ಲಿದ್ದವರು ಹೇಳಿದರು. ಕಫ ಪರೀಕ್ಷೆ ಇಲ್ಲದೆ ಎರಡು ತಿಂಗಳು ಮತ್ತೆ ಮಾತ್ರೆ ನುಂಗಿಸಿದರು. ಟಿಬಿಯ ಕಲೆ ಎಕ್ಸ್‌ರೇಯಲ್ಲಿ ಸಾಯುವವರೆಗೂ ಕಾಣಬಹುದು. ಅದು ಹಳೆಯದೋ ಹೊಸ ರೋಗವೋ ಎಂಬುದನ್ನು ಒಂದು ಚಿತ್ರ ನೋಡಿ ಖಚಿತವಾಗಿ ಹೇಳಲಾಗುವುದಿಲ್ಲ. ಕಫ ಪರೀಕ್ಷೆ ಬೇಕು. ಜೀನ್ ಪರೀಕ್ಷೆಯ ಯಂತ್ರವೂ ಕೆಲವೊಮ್ಮೆ ಸತ್ತ ರೋಗಾಣುವಿನ ಚೂರನ್ನು ಹಿಡಿದು ‘ಇದೆ’ ಎಂದು ತೋರಿಸುವುದುಂಟು. ಅಂಥಾಗ ಕಫವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು. ಹಾಗಂತ ದಮ್ಮು ಬಂದರೆಲ್ಲ ಕಲೆಯೇ ಎಂದು ನೀವು ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ. ಟಿಬಿ ನಿಜವಾಗಿಯೂ ಮರಳಿ ಬರಬಹುದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ. ದುಡ್ಡು ಕೇಳುವುದಿಲ್ಲ.

ಎಕ್ಸ್‌ರೇ ಕಲೆಯ ದಂಡ ಕಟ್ಟುವವರು ಇನ್ನೂ ಇದ್ದಾರೆ. ಗಲ್ಫ್‌ಗೆ ಹೊರಟ ನಮ್ಮ ಹುಡುಗರನ್ನು ಕೇಳಿ. ಹತ್ತು ವರ್ಷದ ಹಿಂದೆ ವಾಸಿಯಾದ ಟಿಬಿಯ ಗುರುತು ಎದೆಯ ಚಿತ್ರದಲ್ಲಿ ಕಂಡರೂ ಅಲ್ಲಿನ ವೈದ್ಯಕೀಯ ತಪಾಸಣೆಯಲ್ಲಿ ‘ಅನ್‌ಫಿಟ್’. ಏಜೆಂಟನಿಗೆ ಕೊಟ್ಟ ಮುಂಗಡ ಹೋದಂತೆಯೇ.

ಮಾತಿನ ನಡುವೆ ಕಾಕಾ ಒಂದು ವಿಷಯ ಹೇಳಿದರು, ಅದು ಅವರ ಕಾರ್ಡಿನಲ್ಲಿ ಎಲ್ಲಿಯೂ ಇರಲಿಲ್ಲ. ಹದಿನೆಂಟು ವರ್ಷ ಅವರು ಗ್ರಾನೈಟ್ ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಾಡಿದವರು. ಮುಖಕ್ಕೆ ಟವೆಲು ಸುತ್ತಿಕೊಂಡು.

ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಟವೆಲಿಗೆ ನಿಲ್ಲುವಂಥದ್ದಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಎದೆಯ ತಳ ಸೇರುತ್ತವೆ. ದೇಹ ಅವನ್ನು ಕರಗಿಸಲಾರದೆ ಸುತ್ತಲೂ ಕಲೆ ಕಟ್ಟುತ್ತದೆ. ಇದೇ ಸಿಲಿಕೋಸಿಸ್. ನಮ್ಮ ರಾಜ್ಯಕ್ಕೆ ಇದು ಹೊಸತೇನಲ್ಲ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಇದರಿಂದ ನರಳಿದ್ದು ದಾಖಲೆಯಲ್ಲಿದೆ. ಕೆಲಸ ಬಿಟ್ಟ ಮೇಲೂ ಈ ಕಲೆ ಬೆಳೆಯುತ್ತಲೇ ಹೋಗಬಹುದು. ಸಿಲಿಕಾ ತುಂಬಿದ ಎದೆಗೆ ಟಿಬಿ ಸುಲಭವಾಗಿ ಅಂಟುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದನ್ನೊಂದು ಹೋಲುತ್ತವೆ. ಹಾಗಾಗಿ ಒಂದನ್ನು ಇನ್ನೊಂದೆಂದು ತಿಳಿಯುವುದು, ಎರಡೂ ಇದ್ದಾಗ ಒಂದನ್ನೇ ನೋಡುವುದು ನಡೆಯುತ್ತಲೇ ಇದೆ.

ಯಾವುದಾದರೆ ಏನು ಎನ್ನಬೇಡಿ. ಟಿಬಿ ಎಂದು ಬರೆದರೆ ಅದು ರೋಗಿಯ ಹಣೆಬರಹ. ಸಿಲಿಕೋಸಿಸ್ ಎಂದು ಬರೆದರೆ ಅದು ಕೆಲಸದಿಂದ ಬಂದ ರೋಗ, ಮಾಲೀಕ ಉತ್ತರ ಕೊಡಬೇಕು. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿತ್ತು. ರಾಜಸ್ಥಾನ 2019ರಲ್ಲಿ ಧೂಳಿನ ಶ್ವಾಸಕೋಶ ರೋಗಗಳಿಗೆಂದೇ ನೀತಿ ಮಾಡಿ ಪ್ರಮಾಣಪತ್ರ ಸಿಕ್ಕ ಕಾರ್ಮಿಕನಿಗೆ ಪರಿಹಾರ ಕೊಡುತ್ತಿದೆ. ನಮ್ಮ ಕಾಕಾನ ಹೆಸರು ಕ್ವಾರಿಯ ಯಾವ ಹಾಜರಿ ಪುಸ್ತಕದಲ್ಲೂ ಇದ್ದಂತಿಲ್ಲ. ದಿನಗೂಲಿ, ಶನಿವಾರ ಬಟವಾಡೆ, ಕೈಗೆ ಕೈ. ಟಿಬಿ ಕಾರ್ಡು ತುಂಬುವಾಗ “ಏನ್ ಕೆಲಸ ಮಾಡ್ತಿದ್ರಿ, ಎಷ್ಟ ವರ್ಷ?” ಎಂದು ಕೇಳಿ ಬರೆದಿದ್ದರೆ ಅವರ ಬಳಿ ಒಂದು ಸರ್ಕಾರಿ ಕಾಗದವಾದರೂ ಇರುತ್ತಿತ್ತು. ಕಲ್ಲು, ಕ್ರಷರ್, ಪಾಲಿಶ್ ಕೆಲಸದ ಹಳ್ಳಿಗಳಲ್ಲಿ ಈ ಒಂದು ಪ್ರಶ್ನೆ ಕಡ್ಡಾಯವಾಗಲಿ ಎಂಬುದು ನಮ್ಮ ಬೇಡಿಕೆ. ಡ್ರಿಲ್ಲಿಂಗ್ ಮಾಡುವಲ್ಲಿ ನೀರು ಹಾಯಿಸಿದರೆ ಧೂಳು ಏಳುವುದೇ ಕಡಿಮೆ. ಅದಕ್ಕೆ ಬೇಕಾದ್ದು ಪೈಪು ಮತ್ತು ಮಾಲೀಕನ ಮನಸ್ಸು.

ಕಲೆಯ ಕಥೆ ಎದೆಗೆ ಮುಗಿಯುವುದಿಲ್ಲ. ಕುಡಿತದಿಂದ ಯಕೃತ್ತು ಕಲೆಗಟ್ಟಿ ಕಲ್ಲಾಗುವುದು ನಿಮಗೆ ಗೊತ್ತು. ಚಿಕ್ಕಂದಿನ ಗಂಟಲು ಬೇನೆ, ಕೀಲು ಬೇನೆಯ ಜ್ವರ ಹೃದಯದ ಕವಾಟವನ್ನು ಕಲೆಗಟ್ಟಿಸಿ ಚೊಚ್ಚಲ ಬಸಿರಿನಲ್ಲಿ ಹುಡುಗಿಗೆ ದಮ್ಮು ಬರಿಸುವುದುಂಟು. ಟಿಬಿ ಹೆಣ್ಣುಮಕ್ಕಳ ಗರ್ಭನಾಳದಲ್ಲೂ ಸದ್ದಿಲ್ಲದೆ ಕೂತು, ಕಲೆ ಬಿಟ್ಟು, ನಾಳ ಮುಚ್ಚಿಬಿಡಬಹುದು. ಆಕೆಗೆ ಕೆಮ್ಮು ಇರುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಊರು ಮಾತ್ರ ಆಕೆಗೆ ಒಂದು ಹೆಸರು ಇಟ್ಟಿರುತ್ತದೆ.

ಇನ್ನು ಸುಟ್ಟ ಗಾಯ. ಇದನ್ನು ಬಿಟ್ಟು ಮುಂದೆ ಹೋಗಲು ನಮಗೆ ಆಗುತ್ತಿಲ್ಲ, ಯಾಕೆಂದರೆ ಇಲ್ಲಿ ಕಲೆಯ ಆಟವನ್ನು ತಡೆಯಬಹುದು. ನಮ್ಮ ಪಕ್ಕದ ಊರಿನ ಹುಡುಗಿ, ಈಗ ಒಂಬತ್ತನೇ ತರಗತಿ. ನಾಲ್ಕು ವರ್ಷದವಳಿದ್ದಾಗ ಸ್ನಾನದ ಹಂಡೆಯ ಕುದಿನೀರು ಮೈಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಗಾಯ ಮಾಯಿತು, ಮನೆಗೆ ಕಳಿಸಿದರು. ನೋವಾಗುತ್ತದೆಂದು ಮಗು ಮೊಣಕೈ ಮಡಚಿಕೊಂಡೇ ಮಲಗುತ್ತಿತ್ತು. ಅಜ್ಜಿಯೂ ಹಾಗೇ ಇರಲಿ ಬಿಡು ಎಂದಳು. ಸುಟ್ಟ ಗಾಯದ ಕಲೆ ತಿಂಗಳುಗಟ್ಟಲೆ ಒಳಗೊಳಗೇ ಕುಗ್ಗುತ್ತದೆ. ಮಡಚಿಟ್ಟ ಕೈ ಮಡಚಿದಲ್ಲೇ ಕೂತುಬಿಟ್ಟಿತು. ಹುಡುಗಿ ಈಗ ಎಡಗೈಯಲ್ಲಿ ಬರೆಯುತ್ತಾಳೆ, ಬಲಗೈಯನ್ನು ದುಪಟ್ಟಾದಡಿ ಇಟ್ಟುಕೊಳ್ಳುತ್ತಾಳೆ.

ನೋವು ಕಡಿಮೆ ಇರುವ ಭಂಗಿಯೇ ಅಂಗ ಸೆಟೆದುಕೊಳ್ಳುವ ಭಂಗಿ. ಈ ಒಂದು ಮಾತನ್ನು ಡಿಸ್ಚಾರ್ಜ್ ದಿನ ಆ ತಾಯಿಗೆ ಯಾರಾದರೂ ಹೇಳಬೇಕಿತ್ತು. ಕೈ ನೇರ ಇಡುವ ಪಟ್ಟಿ ಕಟ್ಟಿಸಿ, ದಿನಾ ವ್ಯಾಯಾಮ ಮಾಡಿಸಿ, ಕಲೆಯನ್ನು ಒತ್ತಿಹಿಡಿಯುವ ಬಿಗಿ ಉಡುಪು ತೊಡಿಸಿ, ತಿಂಗಳಿಗೊಮ್ಮೆ ತೋರಿಸಿ ಎಂದಿದ್ದರೆ ಇಷ್ಟಾಗುತ್ತಿರಲಿಲ್ಲ. ಸುಟ್ಟ ತಕ್ಷಣ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಪೇಸ್ಟು, ಇಂಕು, ಅರಿಶಿಣ ಬೇಡ. ಸೆಟೆದುಕೊಂಡ ಮೇಲೂ ದಾರಿ ಇದೆ. ಆಯುಷ್ಮಾನ್ ಭಾರತ್ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಸುಟ್ಟ ಕಲೆಯನ್ನು ಬಿಡಿಸುವ ಶಸ್ತ್ರಚಿಕಿತ್ಸೆ, ಅದರ ಜೊತೆಗೆ ಪಟ್ಟಿ ಮತ್ತು ಫಿಸಿಯೊಥೆರಪಿ ಸೇರಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಹುಡುಗಿಯ ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಮ್ಮನ್ನೇ ನೋಡಿದರು. ಹತ್ತು ವರ್ಷದ ಹಿಂದೆ ‘ಕುದಿನೀರು ಬಿದ್ದು ಬಾಲಕಿಗೆ ಗಾಯ’ ಎಂದು ಸುದ್ದಿ ಬಂದಿದ್ದ ಪತ್ರಿಕೆಗೇ ನಮ್ಮಲ್ಲೊಬ್ಬರು ಈಗ ವರದಿ ಕಳಿಸುತ್ತಾರೆ. ಆ ಸುದ್ದಿಯ ಮುಂದಿನ ಭಾಗ ಯಾರೂ ಬರೆಯಲಿಲ್ಲ.

ಎದೆಯ ಕಲೆಗೆ ಇಂಥ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಇಲ್ಲ. ಅದನ್ನು ಅಳಿಸುವ ಮಾತ್ರೆಯೂ ಇಲ್ಲ, ಚೂರ್ಣವೂ ಇಲ್ಲ. ಸಂತೆಯಲ್ಲಿ ಮೈಕು ಹಿಡಿದು ‘ಶ್ವಾಸಕೋಶ ಸ್ವಚ್ಛ’ ಎನ್ನುವವರ ಬಾಟಲಿಗೆ 300 ರೂಪಾಯಿ ಕೊಡುವ ಬದಲು ಮೊಟ್ಟೆ ತಿನ್ನಿ. ಆದರೆ ಉಳಿದ ಎದೆಯನ್ನು ಚೆನ್ನಾಗಿ ದುಡಿಸಬಹುದು. ಬೀಡಿ ಬಿಡಬೇಕು. ಉಸಿರಿನ ವ್ಯಾಯಾಮ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುವ ನಡಿಗೆ, ಕಫ ಹೊರಹಾಕುವ ವಿಧಾನ, ಸೋಂಕಾದರೆ ಬೇಗ ಚಿಕಿತ್ಸೆ, ಕೆಲವರಿಗೆ ಇನ್ಹೇಲರ್. ಇದಕ್ಕೆ ಬೇಕಿರುವುದು ಊದಿಸಿ ನೋಡುವ ಸ್ಪೈರೋಮೀಟರ್ ಮತ್ತು ಒಬ್ಬ ಫಿಸಿಯೊಥೆರಪಿಸ್ಟ್. ಕೋಟಿಗಳ ಮಾತಲ್ಲ. ಚಿಕಿತ್ಸೆ ಮುಗಿದ ದಿನ ಒಮ್ಮೆ ಊದಿಸಿ ನೋಡಿ, ಒಂದು ಹೊಸ ಎಕ್ಸ್‌ರೇ ತೆಗೆದು ರೋಗಿಯ ಕೈಗೆ ಕೊಟ್ಟು, “ಇದು ಹಳೇ ಕಲೆ, ಮುಂದ ಯಾರರ ಕೇಳಿದ್ರ ಇದನ್ನ ತೋರ್ಸು” ಎಂದು ಹೇಳಿ ಕಳಿಸಿದರೆ ಅರ್ಧ ಗೋಳು ತಪ್ಪುತ್ತದೆ.

ಕಾಕಾನ ಕಫ ಪರೀಕ್ಷೆಯ ಫಲಿತಾಂಶ ಮೂರು ದಿನಕ್ಕೆ ಬಂತು. ರೋಗಾಣು ಇಲ್ಲ. ಫೋನಿನಲ್ಲಿ ಹೇಳಿದಾಗ ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆವು. ಅವರು ಕೇಳಿದ್ದು ಬೇರೆ. ಮನೆಯಲ್ಲಿ ಇನ್ನೂ ಅವರಿಗೆ ಬೇರೆ ತಾಟು, ಬೇರೆ ಲೋಟ. ಮಗಳಿಗೆ ನೋಡಿದ ಗಂಡಿನ ಮನೆಯವರು ‘ಅವರ ಅಪ್ಪಗ ಟಿಬಿ ಐತಂತ’ ಎಂದು ಹಿಂದೆ ಸರಿದಿದ್ದಾರೆ.

“ರೋಗ ಇಲ್ಲ ಅಂತ ಡಾಕ್ಟರ ಕಡೆ ಒಂದ್ ಕಾಗದಾದಾಗ ಬರಸ್ಕೊಂಡ ಬಾ ತಮ್ಮಾ. ಕನ್ನಡದಾಗ ಬರೀಲಿ. ಬೀಗರಿಗೆ ತೋರಸ್ಬೇಕು.”