ಕೆಲಸದಲ್ಲೂ ಒಂದು ‘ಚಾಯ್ಸ್ 2’ ಬೇಕು

ಸಿಇಟಿ ಸೀಟ್ ಅಲಾಟ್‌ಮೆಂಟ್ ಆದ ಮೇಲೆ ನಾಲ್ಕು ಚಾಯ್ಸ್ ಕೊಡ್ತಾರಲ್ಲ, ಅದರಲ್ಲಿ ಎರಡನೆಯದು ನೆನಪಿದೆಯಾ? ಈ ಸೀಟ್ ನನಗೆ ಓಕೆ, ಆದರೆ ಮುಂದಿನ ರೌಂಡ್‌ನಲ್ಲಿ ಇದಕ್ಕಿಂತ ಮೇಲಿನ ಆಪ್ಷನ್ ಸಿಕ್ಕರೆ ಅಲ್ಲಿಗೆ ಹೋಗ್ತೀನಿ ಅನ್ನೋದು. ನಮ್ಮಲ್ಲಿ ಎಷ್ಟೋ ಜನ ಚಾಯ್ಸ್ 2 ಒತ್ತಿಯೇ ಈ ಕ್ಯಾಂಪಸ್‌ಗೆ ಬಂದವರು. ಅದಕ್ಕೆ ಯಾರೂ ನಮ್ಮನ್ನ ನಿಯತ್ತಿಲ್ಲದವರು ಅನ್ನಲಿಲ್ಲ. ಆದರೆ ಕೆಲಸಕ್ಕೆ ಸೇರಿ ನಾಲ್ಕೈದು ತಿಂಗಳಲ್ಲಿ ಅದೇ ಕಂಪನಿಯ ಇನ್ನೊಂದು ಟೀಮ್‌ಗೆ ಅಪ್ಲೈ ಮಾಡಿದ್ರೆ, ಉಂಡ ಮನೆಗೆ ಎರಡು ಬಗೆದವರ ಹಾಗೆ ನೋಡ್ತಾರೆ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ದೊಡ್ಡ ಕಂಪನಿಗಳಲ್ಲಿ ಇಂಟರ್ನಲ್ ಜಾಬ್ ಪೋಸ್ಟಿಂಗ್ ಅಂತ ಇರುತ್ತೆ. ಒಂದು ಟೀಮ್‌ನಲ್ಲಿ ಜಾಗ ಖಾಲಿ ಆದರೆ ಒಳಗಿನವರೂ ಅಪ್ಲೈ ಮಾಡಬಹುದು. ಆದರೆ ಸಾಮಾನ್ಯವಾಗಿ ಒಂದು ಕಂಡೀಷನ್ ಇರುತ್ತೆ: ಈಗಿನ ರೋಲ್‌ನಲ್ಲಿ ಇಷ್ಟು ತಿಂಗಳು ಆಗಿರಬೇಕು. ಎಷ್ಟೋ ಕಡೆ ಒಂದು ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ. ಮ್ಯಾನೇಜರ್ ಒಪ್ಪಿಗೆಯೂ ಬೇಕಾಗಬಹುದು.

ನನ್ನ ದೊಡ್ಡಮ್ಮನ ಮಗಳು ಬೆಂಗಳೂರಿನ ಒಂದು ಸರ್ವೀಸ್ ಕಂಪನಿ ಸೇರಿದ್ದಳು. ಟ್ರೈನಿಂಗ್‌ನಲ್ಲಿ ಕಲಿಸಿದ್ದು ಜಾವಾ. ಹಾಕಿದ್ದು ನೈಟ್ ಶಿಫ್ಟ್ ಸಪೋರ್ಟ್‌ಗೆ. ಟಿಕೆಟ್ ಬರುತ್ತೆ, ಡಾಕ್ಯುಮೆಂಟ್‌ನಲ್ಲಿರೋ ಸ್ಟೆಪ್ಸ್ ಮಾಡಬೇಕು, ಕ್ಲೋಸ್ ಮಾಡಬೇಕು. ನಾಲ್ಕನೇ ತಿಂಗಳಲ್ಲಿ ಅದೇ ಬಿಲ್ಡಿಂಗ್‌ನ ಇನ್ನೊಂದು ಟೀಮ್‌ಗೆ ಜಾವಾ ಬಲ್ಲವರು ಬೇಕು ಅಂತ ಪೋಸ್ಟಿಂಗ್ ಬಂತು. ಲೀಡ್ ಹತ್ತಿರ ಕೇಳಿದಳು. “ಬಂದು ನಾಲ್ಕು ತಿಂಗಳಾಗಿಲ್ಲ, ಆಗಲೇ ಹಾರೋಕೆ ರೆಡಿನಾ?” ಅಂದರು. ಅಪ್ಲೈ ಮಾಡಲಿಲ್ಲ. ಒಂದು ವರ್ಷ ಆದ ಕೂಡಲೇ ರಿಸೈನ್ ಮಾಡಿ, 90 ದಿನ ನೋಟಿಸ್ ಪೀರಿಯಡ್ ಮುಗಿಸಿ, ಬೇರೆ ಕಂಪನಿಗೆ ಹೋದಳು. ಇದರಿಂದ ಆ ಕಂಪನಿಗೆ ಏನು ಸಿಕ್ತು? ಟೀಮೂ ಹೋಯ್ತು, ಟ್ರೈನಿಂಗ್ ಖರ್ಚೂ ಹೋಯ್ತು.

ಇಲ್ಲಿ ಒಂದು ವ್ಯತ್ಯಾಸ ನೋಡಬೇಕು. ಕೆಲಸವನ್ನ ನಾವೇ ನೋಡಿ, ಕೇಳಿ, ಆರಿಸಿಕೊಂಡಿದ್ರೆ ಅದು ನಾವು ಕೊಟ್ಟ ಮಾತು. ಆರು ತಿಂಗಳಿಗೇ ಬಿಟ್ಟು ಓಡೋದು ತಪ್ಪು, ಸ್ವಲ್ಪ ದಿನ ನಿಲ್ಲಬೇಕು. ಆದರೆ ಕ್ಯಾಂಪಸ್‌ನಿಂದ ಹೋಗೋ ಫ್ರೆಶರ್ ಎಷ್ಟೋ ಸಲ ಪ್ರಾಜೆಕ್ಟ್ ಆರಿಸಿಕೊಳ್ಳೋದೇ ಇಲ್ಲ. ಯಾವ ಕ್ಲೈಂಟ್‌ಗೆ ಜನ ಬೇಕೋ ಅಲ್ಲಿಗೆ ಅಲಾಟ್ ಆಗ್ತಾನೆ. ಆರಿಸಿಕೊಳ್ಳದ ಜಾಗಕ್ಕೆ, ಆರಿಸಿಕೊಂಡವರಷ್ಟೇ ನಿಯತ್ತು ತೋರಿಸು ಅಂದ್ರೆ ಹೇಗೆ? ನಿಯತ್ತು ಇರಬೇಕಾದ್ದು ಕಂಪನಿಗೆ, ಕೂತ ಕುರ್ಚಿಗಲ್ಲ. ಮಣಿಪಾಲದಲ್ಲಿ ಎಲೆಕ್ಟ್ರಿಕಲ್ ಓದಿದ ಸತ್ಯ ನಾಡೆಲ್ಲಾ 1992ರಲ್ಲಿ ಮೈಕ್ರೋಸಾಫ್ಟ್ ಸೇರಿ, 2014ರಲ್ಲಿ ಅದರ ಸಿಇಒ ಆದರು. ನಡುವೆ ಬಿಂಗ್, ಸರ್ವರ್, ಕ್ಲೌಡ್ ಅಂತ ಬೇರೆ ಬೇರೆ ವಿಭಾಗಗಳಲ್ಲಿ ಕೆಲಸ ಮಾಡಿದರು. ಅಷ್ಟು ವರ್ಷ ಒಂದೇ ಕಂಪನಿಯಲ್ಲಿದ್ದರು ನಿಜ, ಒಂದೇ ಸೀಟಲ್ಲಿ ಇರಲಿಲ್ಲ.

ಹಾಗಂತ ಲೀಡ್ ಮಾತಲ್ಲಿ ಅರ್ಥವೇ ಇಲ್ಲ ಅಂತಲ್ಲ. ಹೊಸಬರಿಗೆ ಕೆಲಸ ಕಲಿಸೋಕೆ ಟೀಮ್‌ನ ಯಾರೋ ಒಬ್ಬರು ತಮ್ಮ ಕೆಲಸ ಬಿಟ್ಟು ತಿಂಗಳುಗಟ್ಟಲೆ ಕೂತಿರ್ತಾರೆ. ನಾವು ಹೋದ್ರೆ ಅವರು ಮತ್ತೆ ಮೊದಲಿಂದ ಶುರು ಮಾಡಬೇಕು. ಇನ್ನೊಂದು ವಿಷಯ, ಮೊದಲ ಎರಡು ಮೂರು ತಿಂಗಳು ಯಾವ ಕೆಲಸವೂ ಬೋರೇ, ಯಾಕಂದ್ರೆ ನಮಗೆ ಏನೂ ಗೊತ್ತಿರಲ್ಲ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತಾರಲ್ಲ, ಹಾಗೆ ಹೊಸತರಲ್ಲಿ ಎಲ್ಲದರಲ್ಲೂ ತಪ್ಪೇ ಕಾಣುತ್ತೆ. ಅದಕ್ಕೆ ಅಪ್ಲೈ ಮಾಡೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಕೆಲಸ ನನಗೆ ಚೆನ್ನಾಗಿ ಬಂದ ಮೇಲೂ ಇಷ್ಟ ಆಗಲ್ವಾ? ಉತ್ತರ ಗೊತ್ತಿಲ್ಲ ಅಂದ್ರೆ ಇನ್ನೂ ಸ್ವಲ್ಪ ದಿನ ಕಾಯೋದೇ ವಾಸಿ.

ಉತ್ತರ ಸ್ಪಷ್ಟವಾಗಿದ್ರೆ, ಕದ್ದುಮುಚ್ಚಿ ಮಾಡಬಾರದು. ಮೊದಲು ಪಾಲಿಸಿ ಓದಬೇಕು. ತಿಂಗಳು ಕಡಿಮೆ ಇದ್ರೆ ವಿನಾಯಿತಿ ಇದೆಯಾ ಅಂತ ಎಚ್‌ಆರ್ ಹತ್ತಿರ ಕೇಳಬೇಕು. ಅಪ್ಲೈ ಬಟನ್ ಒತ್ತೋ ಮುಂಚೆ ಮ್ಯಾನೇಜರ್‌ಗೆ ನಾವೇ ಹೇಳಬೇಕು, ಅವರಿಗೆ ಇನ್ನೊಬ್ಬರ ಬಾಯಿಂದ ಗೊತ್ತಾಗಬಾರದು. “ಈ ಟೀಮ್ ಸರಿ ಇಲ್ಲ” ಅನ್ನೋ ಬದಲು “ಆ ಕೆಲಸಕ್ಕೆ ನನ್ನ ಹತ್ತಿರ ಇದು ಇದೆ” ಅನ್ನಬೇಕು. ಇಂಥ ದಿನದವರೆಗೆ ಇದ್ದು, ಬರೋರಿಗೆ ಎಲ್ಲ ಹೇಳಿಕೊಟ್ಟು ಹೋಗ್ತೀನಿ ಅಂತ ಡೇಟ್ ಕೊಡಬೇಕು. ಹತ್ತು ಕಡೆ ಅಲ್ಲ, ನಿಜವಾಗಲೂ ಬೇಕಾದ ಒಂದು ಕಡೆ ಅಪ್ಲೈ ಮಾಡಬೇಕು. ಯಾಕಂದ್ರೆ ಸೆಲೆಕ್ಟ್ ಆಗದಿದ್ರೆ ನಾಳೆ ಬೆಳಿಗ್ಗೆ ಅದೇ ಟೀಮ್ ಜೊತೆ ಕೂರಬೇಕು.

ಇನ್ನು ಕೆಲವೇ ದಿನಗಳಲ್ಲಿ ಸೀನಿಯರ್ಸ್‌ಗೆ ಪ್ಲೇಸ್‌ಮೆಂಟ್ ಟಾಕ್‌ಗಳು ಶುರು. ಎಲ್ಲರೂ ಪ್ಯಾಕೇಜ್ ಎಷ್ಟು, ಬಾಂಡ್ ಇದೆಯಾ ಅಂತ ಕೇಳ್ತಾರೆ. ಜೊತೆಗೆ ಒಬ್ಬರಾದ್ರೂ ಮೈಕ್ ತಗೊಂಡು ಇದನ್ನೂ ಕೇಳಿ: “ನಮ್ಮನ್ನ ಎಲ್ಲಿಗೆ ಹಾಕ್ತೀರೋ ನೀವೇ ತೀರ್ಮಾನ ಮಾಡ್ತೀರಿ, ಸರಿ. ಅದು ನಮಗೆ ಹೊಂದದಿದ್ರೆ ಒಳಗೇ ಬೇರೆ ಕಡೆ ಅಪ್ಲೈ ಮಾಡೋಕೆ ಎಷ್ಟು ತಿಂಗಳು ಕಾಯಬೇಕು?” ಉತ್ತರ ಕೊಡೋಕೆ ಅವರು ಎಷ್ಟು ತಡವರಿಸ್ತಾರೆ ಅನ್ನೋದರಲ್ಲೇ ಆ ಕಂಪನಿ ಬಗ್ಗೆ ಬಹಳಷ್ಟು ಗೊತ್ತಾಗುತ್ತೆ.