ಆ 7 ರೂಪಾಯಿ ಎಲ್ಲಿಂದ ಬಂತು? (ಬಿ.ಎಡ್. ಡೈರಿ, ಭಾಗ 6)

ಫೋಟೋದಲ್ಲಿರುವುದು ನಮ್ಮ ಬಂದರ್‌ನ ರಿಕ್ಷಾ ಪಾರ್ಕ್. ಇಲ್ಲಿಂದ ಸ್ಟೇಟ್‌ಬ್ಯಾಂಕ್‌ಗೆ ಹೋದ್ರೂ ಮಿನಿಮಮ್ ಕೊಡ್ಲೇಬೇಕು, ಗೊತ್ತುಂಟಲ್ಲ? ಇವತ್ತಿನ ವಿಷಯ ಅದೇ.

10ನೇ ಕ್ಲಾಸಿನ ಗಣಿತ ಪುಸ್ತಕ ತೆಗೀರಿ, ಸಮಾಂತರ ಶ್ರೇಢಿ ಪಾಠ. ಒಂದು ಟ್ಯಾಕ್ಸಿ ಲೆಕ್ಕ ಉಂಟು: ಮೊದಲ ಕಿಲೋಮೀಟರಿಗೆ 15 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 8. (ಈ ರೇಟಿಗೆ ಟ್ಯಾಕ್ಸಿ ಎಲ್ಲಿ ಸಿಗ್ತದೆ ಅಂತ ಕೇಳ್ಬೇಡಿ ಮಾರಾಯ್ರೆ.) 15, 23, 31, 39... ಇದು ಸಮಾಂತರ ಶ್ರೇಢಿಯಾ? ಹೌದು, ವ್ಯತ್ಯಾಸ 8. ಮುಗೀತು, ಮುಂದಿನ ಲೆಕ್ಕ. ನಾವು ಕಲಿತದ್ದು ಹಾಗೆ. ಟೀಚಿಂಗ್ ಪ್ರಾಕ್ಟೀಸಿನಲ್ಲಿ ನಾನು ಕಲಿಸಿದ್ದೂ ಹಾಗೇ.

ಒಬ್ಬಳು ಹುಡುಗಿ ಎನ್ ಕಿಲೋಮೀಟರಿಗೆ ಸೂತ್ರ ಬರೆದಳು: 8ಎನ್ + 7. ಸರಿ ಉತ್ತರ. ಆಮೇಲೆ ಕೇಳಿದ್ಲು, "ಟೀಚರ್, ಲೆಕ್ಕದಲ್ಲಿ 15 ಉಂಟು, 8 ಉಂಟು. ಈ 7 ಎಲ್ಲಿಂದ ಬಂತು?" ನಾನು ಬೋರ್ಡಿನಲ್ಲಿ ಸೂತ್ರವನ್ನು ಇನ್ನೊಮ್ಮೆ ಬಿಡಿಸಿ ತೋರಿಸಿದೆ. ಅವಳು ಕೇಳಿದ್ದು ಅದಲ್ಲ ಅಂತ ನನಗೂ ಗೊತ್ತಿತ್ತು.

ಆ 7 ಇರುವುದು ಮಿನಿಮಮ್‌ನ ಒಳಗೆ. ಮೊದಲ ಕಿಲೋಮೀಟರಿಗೂ 8 ಅಂತ ಹಿಡಿದ್ರೆ 15ರಲ್ಲಿ 7 ಉಳೀತದೆ. ಅದು ಹತ್ತಿ ಕೂತದ್ದಕ್ಕೆ ಒಂದೇ ಸಲ ಕೊಡುವ ದುಡ್ಡು. ಹಾಗಾಗಿ 5 ಕಿಲೋಮೀಟರಿಗೆ 47 ಆದ್ರೆ, 10ಕ್ಕೆ 94 ಆಗೋದಿಲ್ಲ, 87 ಆಗ್ತದೆ. ದೂರ ಡಬಲ್, ಬಾಡಿಗೆ ಡಬಲ್ ಇಲ್ಲ! ಗ್ರಾಫ್ ಹಾಕಿ ಗೆರೆಯನ್ನು ಹಿಂದಕ್ಕೆ ಎಳೆದ್ರೆ ಸೊನ್ನೆಗೆ ಬಾರದೆ 7ಕ್ಕೆ ತಾಗ್ತದೆ. ಎಕ್ಸ್, ಎನ್ ಅಂದ್ರೆ ಎಲ್ಲೋ ಅಡಗಿದ ಒಂದು ಸಂಖ್ಯೆ, ಅದನ್ನು ಹುಡುಕಬೇಕು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಎನ್ ಬದಲಾಗ್ತಾ ಹೋಗುವ ದೂರ, ಅದರ ಜೊತೆ ಬಾಡಿಗೆಯೂ ಬದಲಾಗ್ತದೆ. ಫಂಕ್ಷನ್ ಅಂದ್ರೆ ಇದೇ. ಪಿಯುಸಿಯಲ್ಲಿ ಆ ಹೆಸರು ಬಂದಾಗ ನಾವೆಲ್ಲ ಎಷ್ಟು ಹೆದರಿದ್ದೆವು!

ನನ್ನ ಅಭಿಪ್ರಾಯ ಇಷ್ಟು: ಟೀಚರ್‌ಗಳ ತರಬೇತಿಯಲ್ಲಿ ಸ್ಲೈಡ್ ಕಮ್ಮಿ ಮಾಡಿ, ಇಂಥ ಒಂದೇ ಲೆಕ್ಕಕ್ಕೆ ಅರ್ಧ ದಿನ ಕೊಡಲಿ. ಪಟ್ಟಿ, ಗ್ರಾಫ್, ಸೂತ್ರ ಮೂರರಲ್ಲೂ ಆ 7 ಎಲ್ಲಿ ಕೂತಿದೆ ಅಂತ ಟೀಚರ್‌ಗಳೇ ಚರ್ಚೆ ಮಾಡ್ಲಿ, ಬೇಕಾದ್ರೆ ಜಗಳ ಆಡ್ಲಿ. ಎಸ್ಸೆಸ್ಸೆಲ್ಸಿ ರಿಸಲ್ಟಿನ ಒತ್ತಡದಲ್ಲಿ ಟೈಮ್ ಎಲ್ಲುಂಟು ಅಂತೀರಿ. ಆ ಟೆನ್ಷನ್ ಸುಳ್ಳಲ್ಲ. ಆದ್ರೆ ಸೂತ್ರ ಮಾತ್ರ ಗೊತ್ತಿರುವ ಟೀಚರ್, ಪ್ರಶ್ನೆ ಕೇಳಿದವಳನ್ನು ಸುಮ್ಮನೆ ಕೂರಿಸ್ತಾರೆ. ನಾನು ಕೂರಿಸಿದ ಹಾಗೆ.

ನಾಳೆ ಅದೇ ಕ್ಲಾಸ್ ಉಂಟು. ಮೊದಲು ಆ 7ರ ಬಾಕಿ ತೀರಿಸ್ಬೇಕು. ಹಿಂದಿನ ಬೆಂಚಿನವನೊಬ್ಬ ಇನ್ನೊಂದು ಬೇರೆ ಕೇಳಿಟ್ಟಿದ್ದಾನೆ: "ಎರಡೂವರೆ ಕಿಲೋಮೀಟರಿಗೆ ಎಷ್ಟು ಟೀಚರ್?" ಕ್ಲಾಸ್‌ಮೇಟ್ಸ್, ನೀವಾದ್ರೆ ಎಂತ ಹೇಳ್ತೀರಿ?