ಕಾಯದೆಯ ಹಳೆಯ ಆಂಗ್ಲ ಶಬ್ದಗಳು

ಭಾರತದ ರಾಷ್ಟ್ರಪತಿಗಳ ಹೆಸರಿನಲ್ಲಿ ಕೊಡಲಾಗುವ ಪಾಸಪೋರ್ಟನ್ನು ಹಿಡಿದು ಪರದೇಶಕ್ಕೆ ಹೊರಡುವ ನಮ್ಮ ಜನರಲ್ಲಿ ಅದರ ಒಳಪುಟದ ಒಕ್ಕಣೆಯನ್ನು ಓದಿದವರು ಎಷ್ಟು ಮಂದಿ? ಇದನ್ನು ಹೊಂದಿದವರನ್ನು 'ಲೆಟ್' ಇಲ್ಲದೆ, ಅಡ್ಡಿಯಿಲ್ಲದೆ ಹೋಗಗೊಡಬೇಕೆಂದು ಅಲ್ಲಿ ಕೋರಲಾಗಿದೆ. 'ಲೆಟ್' ಎಂದರೆ ಬಿಡು, ಅನುಮತಿ ಕೊಡು ಎಂದು ಶಾಲೆಯಲ್ಲಿ ಕಲಿತವನು ಇಲ್ಲಿ ತಬ್ಬಿಬ್ಬಾಗುವದು ಸಹಜ. ಅನುಮತಿಯಿಲ್ಲದೆ ಹೋಗಗೊಡಿರಿ ಎಂದು ಯಾವ ಸರಕಾರವಾದರೂ ಬರೆದೀತೇ? ಪ್ರಾಚೀನ ಆಂಗ್ಲದಲ್ಲಿ ಎರಡು ಬೇರೆ ಬೇರೆ ಧಾತುಗಳಿದ್ದವು. ಒಂದಕ್ಕೆ ಬಿಡುವದು, ಇನ್ನೊಂದಕ್ಕೆ ತಡೆಯುವದು ಎಂದು ಅರ್ಥ. ಕಾಲಾಂತರದಲ್ಲಿ ಎರಡರ ರೂಪವೂ ಒಂದಾಯಿತು. ತಡೆಯೆಂಬ ಅರ್ಥವು ಜನರ ಬಾಯಿಂದ ಮರೆಯಾಗಿ, ಇಂಥ ಒಕ್ಕಣೆಗಳಲ್ಲಿಯೂ ಟೆನಿಸ್ ಆಟದಲ್ಲಿಯೂ ಮಾತ್ರ ಉಳಿದುಕೊಂಡಿತು.

ಶಬ್ದಗಳ ಅರ್ಥ ಬದಲಾಗುವದು ಆಂಗ್ಲರ ಸ್ವತ್ತೇನೂ ಅಲ್ಲ. ಸ್ಮೃತಿಕಾರರು 'ಸಾಹಸ'ವನ್ನು ಬಲಾತ್ಕಾರದ ಅಪರಾಧವೆಂದು ವ್ಯವಹಾರಪದಗಳಲ್ಲಿ ಎಣಿಸಿದರು. ನಾವಾದರೋ ಸಾಹಸಿಗೆ ಹಾರ ಹಾಕುತ್ತೇವೆ. ಆಂಗ್ಲದ 'ನೈಸ್' ಲ್ಯಾಟಿನ್ನಿನಿಂದ ಬಂದಾಗ ಅಜ್ಞನೆಂಬ ಅರ್ಥವನ್ನು ಹೊತ್ತು ಬಂದಿತು. 'ಸಿಲ್ಲಿ' ಎಂದರೆ ಒಂದು ಕಾಲಕ್ಕೆ ಧನ್ಯ, ಪುಣ್ಯವಂತ. ಇವು ವಿನೋದದ ಮಾತಾದವು. ಆದರೆ 'ವಿಲನ್' ಎಂಬ ಶಬ್ದದ ಚರಿತ್ರೆಯನ್ನು ಓದಿದರೆ ನಗು ಬರುವದಿಲ್ಲ. ಧಣಿಯ ಹೊಲದಲ್ಲಿ ದುಡಿಯುವ ಒಕ್ಕಲಿಗೆ ಮೂಲದಲ್ಲಿ ಆ ಹೆಸರು. ಧಣಿಗಳ ತಿರಸ್ಕಾರದಿಂದ ಅದು ನೀಚನೆಂದಾಗಿ, ಈಗ ನಮ್ಮ ಚಿತ್ರಮಂದಿರಗಳಲ್ಲಿ ಖಳನಾಯಕನ ಹೆಸರಾಗಿ ನಿಂತಿದೆ. 'ನೈಟ್', 'ನೇವ್' ಎಂಬೆರಡು ಶಬ್ದಗಳೂ ಮೊದಲು ಹುಡುಗ, ಸೇವಕ ಎಂಬ ಅರ್ಥದವೇ. ಕುದುರೆ ಏರಿ ಅರಸನ ಬಳಿ ಸೇರಿದವನು 'ಸರ್' ಎಂಬ ಬಿರುದಿಗೆ ಅರ್ಹನಾದನು. ಮನೆಯಲ್ಲಿ ಚಾಕರಿ ಮಾಡಿಕೊಂಡು ಉಳಿದವನು ಠಕ್ಕನೆನಿಸಿಕೊಂಡನು. ನಾವೂ 'ಗ್ರಾಮ್ಯ'ವೆಂಬ ಮಾತಿಗೆ ಅಸಭ್ಯವೆಂಬ ಅರ್ಥವನ್ನು ಹಚ್ಚಿದವರೇ ಆದ್ದರಿಂದ ಆಂಗ್ಲರನ್ನಷ್ಟೇ ದೂರುವ ಅಧಿಕಾರ ನಮಗಿಲ್ಲ.

ಕಾವ್ಯದಲ್ಲಿ ಹಳೆಯ ಶಬ್ದವಿದ್ದರೆ ಟೀಕೆಯನ್ನು ನೋಡಿ ತಿಳಿದುಕೊಳ್ಳಬಹುದು. ಕಾಯದೆಯಲ್ಲಿದ್ದರೆ ಗತಿಯೇನು? ಶಾಲೆಯ ಹುಡುಗನಿಗೆ 'ಮಿಸ್ಚಿಫ್' ಎಂದರೆ ತುಂಟತನ. 1860ರ ದಂಡಸಂಹಿತೆಯಲ್ಲಿ ಅದು ಪರರ ಸ್ವತ್ತಿಗೆ ಬೇಕೆಂದೇ ಹಾನಿ ಮಾಡುವ ಅಪರಾಧ. ನೀರಾವರಿಯ ಕಾಲುವೆಯನ್ನು ಕೆಡಿಸುವದೂ, ಅನ್ಯಾಯವಾಗಿ ನೀರನ್ನು ತಿರುಗಿಸಿಕೊಂಡು ಬೆಳೆಯ ನೀರನ್ನು ಕಡಿಮೆ ಮಾಡುವದೂ ಅದರಲ್ಲಿ ಸೇರಿ, ಐದು ವರ್ಷಗಳವರೆಗೆ ಕಾರಾಗೃಹವಾಸವನ್ನು ವಿಧಿಸಲು ಆಸ್ಪದವಿತ್ತು. ಆ ಸಂಹಿತೆಯು ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆ ಜಾರಿಗೆ ಬಂದಿತು. ಹೆಸರು ಸಂಸ್ಕೃತದ್ದು; ಆದರೆ ಅದರ ಆಂಗ್ಲ ಪಾಠದೊಳಗೆ 'ಮಿಸ್ಚಿಫ್' ತನ್ನ ಹಳೆಯ ಗದ್ದುಗೆಯನ್ನು ಬಿಟ್ಟು ಕದಲಿಲ್ಲ, ಶಿಕ್ಷೆಯೂ ಕದಲಿಲ್ಲ. ಮಗನ ಮೇಲೆ ತುಂಟತನದ ಆರೋಪವಷ್ಟೇ ಎಂದು ತಿಳಿದು ನಿಶ್ಚಿಂತನಾಗಿ ಕುಳಿತ ರೈತನಿಗೆ ಅದರ ನಿಜವಾದ ಅರ್ಥವನ್ನು ತಿಳಿಸುವ ಹೊಣೆ ಯಾರದು?

ಆಂಗ್ಲರು ತಮ್ಮ ಮನೆಯನ್ನು ಗುಡಿಸಿಕೊಂಡಿರುವ ಬಗೆಯನ್ನು ನಮ್ಮ ಕಾಯದೆಪಂಡಿತರು ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳ ದಿವಾಣಿ ನ್ಯಾಯಾಲಯಗಳಲ್ಲಿ 1999ರ ಏಪ್ರಿಲ್‌ನಿಂದ 'ಪ್ಲೇಂಟಿಫ್' ಎಂಬ ಶಬ್ದವನ್ನು ಕೈಬಿಟ್ಟು, ಹಕ್ಕನ್ನು ಕೇಳುವವನೆಂಬ ಅರ್ಥದ 'ಕ್ಲೇಮಂಟ್' ಎಂಬ ಸುಲಭ ಶಬ್ದವನ್ನು ತಂದರು. 'ಪ್ಲೇಂಟ್' ಎಂದರೆ ಹಳೆಯ ಫ್ರೆಂಚಿನಲ್ಲಿ ಗೋಳು. ನಮ್ಮ 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯಲ್ಲಿ ವಾದಿಯು ಇನ್ನೂ ಗೋಳಿಡುವವನಾಗಿಯೇ ಉಳಿದಿದ್ದಾನೆ. ಹೆತ್ತವರು ಎಸೆದುದನ್ನು ನಾವು ಪೆಟ್ಟಿಗೆಯಲ್ಲಿಟ್ಟು ಪೂಜಿಸುವದು ಯಾವ ನೀತಿ?

ಆಂಗ್ಲ ಭಾಷೆಯ ಮೇಲೆ ನಮಗೆ ದ್ವೇಷವಿಲ್ಲ. ಅದರ ಹಳೆಯ ಶಬ್ದಗಳನ್ನು ಬಲ್ಲ ವಿದ್ವಾಂಸರು ನಮ್ಮಲ್ಲಿ ಹೆಚ್ಚಲಿ. ಸಂವಿಧಾನದ 348ನೆಯ ವಿಧಿಯ ಬಲದಿಂದ ಉಚ್ಚ ನ್ಯಾಯಾಲಯದ ಭಾಷೆ ಆಂಗ್ಲವೇ ಆಗಿರುವ ತನಕ ಅವರ ಕೆಲಸ ಬಹಳವಿದೆ. ಆದರೆ ಸರಕಾರವು ಕಾಯದೆಗಳನ್ನು ಕನ್ನಡಿಸುವಾಗ ಕೋಶದಲ್ಲಿ ಸಿಕ್ಕ ಮೊದಲ ಅರ್ಥವನ್ನು ಅಂಟಿಸದೆ, ಆ ಶಬ್ದವು ಕಾಯದೆಯಲ್ಲಿ ಮಾಡುವ ಕೆಲಸವನ್ನು ಹೇಳುವ ಮಾತನ್ನು ಹುಡುಕಬೇಕು. ಆಪಾದಿತನಿಗೆ ಮುಟ್ಟಿಸುವ ಪ್ರತಿಯೊಂದು ಆರೋಪಪಟ್ಟಿಯ ತಲೆಯ ಮೇಲೆ ಅಪರಾಧವಾವುದು, ಶಿಕ್ಷೆ ಎಷ್ಟು ಎಂಬೆರಡು ಸಂಗತಿಗಳನ್ನು ಮನೆಮಾತಿನ ಕನ್ನಡದಲ್ಲಿ ಅಚ್ಚುಹಾಕಿಸಬೇಕು. ಇದಕ್ಕೆ ಹೊಸ ಕಾಯದೆ ಬೇಕಿಲ್ಲ, ದೊಡ್ಡ ವೆಚ್ಚವೂ ಇಲ್ಲ. ರಾಜ್ಯದ ಕಾಯದೆ ಇಲಾಖೆಯವರು ಮನಸ್ಸು ಮಾಡಿದರೆ ಬರುವ ತಿಂಗಳಿನಿಂದಲೇ ಆರಂಭಿಸಬಹುದು.